ನೋಡಿಯಾದ ತಂತಿಗೆ ಗುಲಾಬಿ ಚುಕ್ಕಿ

ಗಂಡನ ದಿನಕರ್ಮಗಳೆಲ್ಲ ಮುಗಿದು ನೆಂಟರು ಊರಿಗೆ ಹೋದ ಮರುದಿನ ಬೆಳಿಗ್ಗೆ ನಳಕ್ಕೆ ನೀರು ಬಂತು. ಕೊಡ ಇಟ್ಟೆ. ಹಾಲಿನವನು ಎಂದಿನಂತೆ ಲೀಟರಿನ ಅಳತೆ ಎತ್ತಿ, ತಡೆದ.

"ಅರ್ಧಾ ಹಾಕ್ಲೇನ್ರಿ ಅಕ್ಕಾರ?"

"ಅರ್ಧಾ ಹಾಕ್ರಿ."

ಬೈಲಹೊಂಗಲದ ನಮ್ಮ ಓಣಿಯಲ್ಲಿ ಬೇರೇನೂ ಬದಲಾಗಿರಲಿಲ್ಲ.

ಒಳಗೆ ಕಲ್ಮೇಶನ ಫೋನು ಬಡಿದುಕೊಂಡಿತು. ಅದನ್ನು ದಿನವೂ ಚಾರ್ಜಿಗೆ ಹಾಕುತ್ತಿದ್ದೆ. ಯಾಕೆಂದು ಯಾರೂ ಕೇಳಿರಲಿಲ್ಲ.

"ತಂಗಿ, ನಾ ರಾಯಪ್ಪ. ತೊರಗಲ್ ಕಡೆ ಕಲ್ಲಿನ ಖಣಿ ನಂದು. ಮಣ್ಣಿಗೆ ಬಂದಿದ್ನಿ."

"ಗೊತ್ತೈತ್ರಿ."

"ಈ ಹೊತ್ತಿನ್ಯಾಗ ಕೇಳಬಾರದು. ಆದ್ರ ನನ್ನ ಕಲ್ಲ ಅಗಿಯೂ ಮಷೀನಿನ ಚಾವಿ ನಿನ್ನ ಗಂಡನ ಚೀಲದಾಗ ಐತಿ. ತಾ ನೋಡೂತನಾ ಯಾರೂ ಚಾಲೂ ಮಾಡಬ್ಯಾಡ್ರಿ ಅಂದಾವ, ಚೀಲಕ್ಕ ಹಾಕ್ಕೊಂಡ ಹ್ವಾದ. ಎರಡು ವಾರ ಆತು, ಮಷೀನ್ ನಿಂತೈತಿ."

"ಏನಾಗಿತ್ರಿ ಅದಕ್ಕ?"

"ಎಂಜಿನ್ ಚಾಲೂ ಆದ್ರೂ ಆಯಿಲ್ ದೀಪ ಆರವಲ್ದು. ಅಂವ ವೈರ್ ಹೊಸಾದು ಎಳದ, ಆದ್ರೂ ಆರವಲ್ದು. ಎಲ್ಲಾ ತಪ್ಪು ಹಾಕ್ಯಾನ. ಸತ್ತಾವನ ಸುದ್ದಿ ಆಡಬಾರದು ಖರೆ, ಆದ್ರ ನಾಕ ಮಂದಿ ಕೇಳಿದ್ರ ನಾ ಸುಳ್ಳ ಹೇಳಾಂವ ಅಲ್ಲ. ಚಾವಿ ಕಳಸು. ಆ ವೈರ್ ಕತ್ತರಿಸಿ ಒಗದು ಕೆಲಸಾ ಹಚ್ಚತೇನಿ."

"ಕತ್ತರಿಸಬ್ಯಾಡ್ರಿ," ಎಂದೆ. "ಚಾವಿ ನಾನ ತರತೇನಿ."

ಚೀಲ ಗೂಟದಲ್ಲೇ ಇತ್ತು. ಅಪಘಾತದ ಜಾಗದಿಂದ ಮೈದುನ ತಂದು ತೂಗುಹಾಕಿದ್ದ. ನಾನು ಅದನ್ನು ಮುಟ್ಟಿರಲಿಲ್ಲ. ಅತ್ತೆ ಬಾಯವ್ವ ನನ್ನನ್ನು ನೋಡಿದಳು, ಚೀಲವನ್ನು ನೋಡಿದಳು. ಹೊರಗೆ ಹೋಗಬೇಡ ಅನ್ನುತ್ತಾಳೆ ಎಂದುಕೊಂಡೆ. ಆಕೆ ಎದ್ದು ಚೀಲ ಇಳಿಸಿ ಕೈಗೆ ಕೊಟ್ಟಳು.

"ಒಜ್ಜಾ ಐತಿ. ಬಸ್ಸಿನ್ಯಾಗ ತೊಡಿ ಮ್ಯಾಲ ಇಟ್ಗೋಬ್ಯಾಡ, ಕೆಳಗ ಇಡು."

ಸವದತ್ತಿಯವರೆಗೂ ಚೀಲ ತೊಡೆಯ ಮೇಲೆಯೇ ಇತ್ತು.

*

ಕಲ್ಮೇಶ ಮೊದಲ ಸಲ ಕಂಡದ್ದು ಧಾರವಾಡದಲ್ಲಿ. ನಾನು ಎಲೆಕ್ಟ್ರಾನಿಕ್ಸ್ ಎಂ.ಎಸ್ಸಿ. ಮಾಡುತ್ತಿದ್ದೆ. ನಮ್ಮ ಹಾಸ್ಟೆಲಿನ ದೊಡ್ಡ ಜನರೇಟರ್ ರಿಪೇರಿಗೆ ಅವನು ಬಂದಿದ್ದ. ಪ್ಯಾನೆಲ್ಲಿನ ಒಂದು ದೀಪ ಹತ್ತುತ್ತಿರಲಿಲ್ಲ. ಬಲ್ಬು ಬದಲಿಸಿದ್ದ, ಆದರೂ ಹತ್ತಿರಲಿಲ್ಲ.

"ಅರ್ಥಿಂಗ್ ನೋಡ್ರಿ," ಎಂದೆ, ಮೆಟ್ಟಿಲ ಮೇಲಿಂದ.

ಅವನು ತಲೆ ಎತ್ತಿದ. ಮೂಗಿನ ಮೇಲೆ ಗ್ರೀಸು. ನನ್ನನ್ನು ನೋಡಿದ, ಅರ್ಥಿಂಗ್ ತಂತಿಯ ಬೋಲ್ಟ್ ನೋಡಿದ, ಮತ್ತೆ ನನ್ನನ್ನು ನೋಡಿದ. ಬೋಲ್ಟ್ ಉಜ್ಜಿ ಬಿಗಿ ಮಾಡಿದ. ದೀಪ ಹತ್ತಿತು.

"ಮೇಡಂ, ನಿಮ್ಮ ಉಗುರಿನ ಬಣ್ಣ ಐತೇನ್ರಿ? ನೋಡಿದ್ದಕ್ಕ ಗುರ್ತು ಹಾಕಬೇಕು."

ಬ್ಯಾಗಿನಿಂದ ಗುಲಾಬಿ ಬಾಟಲಿ ತೆಗೆದುಕೊಟ್ಟೆ. ಬೋಲ್ಟಿನ ತಲೆಗೆ ಒಂದು ಚುಕ್ಕಿ ಇಟ್ಟ. ನಂತರ ಬಾಟಲಿಯನ್ನು ತನ್ನ ಕಿಸೆಗೆ ಹಾಕಿಕೊಂಡ.

"ಅದು ನಂದ್ರಿ."

"ಹೊಸಾದು ತಂದ ಕೊಡತೇನ್ರಿ. ಇಲ್ಲಾಂದ್ರ ಇನ್ನೊಮ್ಮಿ ಬರಾಕ ನೆವ ಏನ್ ಹೇಳ್ಲಿ?"

ಎಂಟು ದಿನಕ್ಕೆ ಬಂದ, ಹೊಸ ಬಾಟಲಿಯೊಂದಿಗೆ. ಮದುವೆಯಾದ ಮೇಲೂ ನನ್ನ ಬಾಟಲಿಗಳು ಅವನ ಚೀಲ ಸೇರುತ್ತಿದ್ದವು. ಜಗಳವಾದ ದಿನ ಮಾತ್ರ ಹೊಸದೊಂದು ಮನೆಗೆ ಬರುತ್ತಿತ್ತು. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವ ಗಂಡಸಲ್ಲ ಅವನು.

ಕೊನೆಯ ಬೆಳಿಗ್ಗೆಯೂ ಜಗಳವಾಗಿತ್ತು, ಇದೇ ಮಷೀನಿನ ಬಗ್ಗೆ.

"ತಂತಿ ಎಲ್ಲೋ ತಿಕ್ಕಿ ಕಬ್ಬಿಣಕ್ಕ ತಾಗಾಕತ್ತೈತಿ. ಕ್ಯಾಬಿನ್ ಕೆಳಗ ತಂತಿ ಇಳಿಯೋ ತೂತು ನೋಡ್ರಿ," ಎಂದಿದ್ದೆ.

"ನಿನ್ನ ಪುಸ್ತಕದಾಗ ಮಷೀನ್ ಅಲಗಾಡೂದಿಲ್ಲ ರಂಜನಾ. ಇಲ್ಲಿ ಅಲಗಾಡತೈತಿ."

"ಅಲಗಾಡತೈತಿ ಅಂತನ ತಿಕ್ಕತೈತಿ! ನಿಮಗ ಯಾರ ಮಾತೂ ಕೇಳೂದು ಗೊತ್ತಿಲ್ಲ."

ಅವನು ರೊಟ್ಟಿ ಬಿಟ್ಟು ಎದ್ದು ಹೋದ. ಸಂಜೆ ಕಿತ್ತೂರಿನಿಂದ ಬರುವ ದಾರಿಯಲ್ಲಿ ಲಾರಿ ಬಡಿಯಿತು. ಕಿತ್ತೂರಿಗೆ ಯಾಕೆ ಹೋಗಿದ್ದ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

*

ಖಣಿಯಲ್ಲಿ ಬಿಸಿಲು ಬಿಳಿಯಾಗಿತ್ತು. ದೂರದಲ್ಲಿ ತೊರಗಲ್ ಕೋಟೆಯ ಗೋಡೆ. ಹಳದಿ ಎಕ್ಸ್‌ಕವೇಟರ್ ಬಕೆಟ್ಟನ್ನು ನೆಲಕ್ಕೂರಿ ನಿಂತಿತ್ತು. ರಾಯಪ್ಪನ ಕೈಯಲ್ಲಿ ಕಟಿಂಗ್ ಪ್ಲೇಯರ್ ಇತ್ತು. ಆಪರೇಟರ್ ಲಗಮಪ್ಪ ಟ್ರ್ಯಾಕಿನ ಮೇಲೆ ಕುಳಿತು ತಂಬಾಕು ತಿಕ್ಕುತ್ತಿದ್ದ.

"ಚಾವಿ ಕೊಡವಾ."

"ಮೊದಲ ನಾ ನೋಡತೇನ್ರಿ. ತಂತಿ ತಪ್ಪಿದ್ರ ನಾನ ನಾಕ ಮಂದಿ ಮುಂದ ಹೇಳತೇನಿ, ಕಲ್ಮೇಶನ ತಪ್ಪು ಅಂತ."

ಲಗಮಪ್ಪ ನಕ್ಕ. "ಸಾವ್ಕಾರ, ನೋಡ್ಲಿ ಬಿಡ್ರಿ. ಎಂ.ಎಸ್ಸಿ. ಐತಂತ. ನಮ್ಮ ಮಷೀನಿಗೂ ಪರೀಕ್ಷಾ ಆಗ್ಲಿ."

ಚೀಲ ಬಿಚ್ಚಿದೆ. ಚಾವಿ, ಮೀಟರ್, ಪಾನಾಗಳು. ಅಡಿಯಲ್ಲಿ ಬಟ್ಟೆ ಸುತ್ತಿದ ಪ್ರೆಶರ್ ಗೇಜು, ಅದರ ಬೆನ್ನಿಗೆ ಮೊಳೆಯಿಂದ ಕೆತ್ತಿದ ಹೆಸರು: ಸಿದ್ದರಾಮ, ಕಿತ್ತೂರು. ಪಕ್ಕದಲ್ಲಿ ಬಳೆ ಅಂಗಡಿಯ ಕಾಗದದ ಸಣ್ಣ ಪೊಟ್ಟಣ. ಬಿಚ್ಚಲಿಲ್ಲ. ಬೆರಳಿಗೆ ಆಕಾರ ಗೊತ್ತಿತ್ತು.

ಚಾವಿ ತಿರುವಿದೆ, ಎಂಜಿನ್ ಹಚ್ಚಲಿಲ್ಲ. ಕೆಂಪು ದೀಪ ಹತ್ತಿತು. ಸರಿಯೇ, ಎಂಜಿನ್ ನಿಂತಾಗ ಆಯಿಲಿನ ಒತ್ತಡ ಇರುವುದಿಲ್ಲ. ದೀಪ ಹತ್ತಲೇಬೇಕು.

ಎಂಜಿನ್ನಿಗೆ ಕೂರಿಸಿದ್ದ ಆಯಿಲ್ ಸ್ವಿಚ್ಚಿನಿಂದ ತಂತಿ ಕಿತ್ತು ಗಾಳಿಯಲ್ಲಿ ಹಿಡಿದೆ. ತಂತಿ ಎಲ್ಲಾದರೂ ಸುಲಿದು ಕಬ್ಬಿಣಕ್ಕೆ ತಾಗಿದ್ದರೆ ದೀಪ ಈಗಲೂ ಉರಿಯುತ್ತಿರಬೇಕು.

"ದೀಪಾ?" ಎಂದು ಕೂಗಿದೆ.

ಕ್ಯಾಬಿನ್ನಿಗೆ ಹತ್ತಿದ್ದ ಲಗಮಪ್ಪ ಬಗ್ಗಿ ನೋಡಿದ. "ಆರಿತ್ರಿ."

"ಕ್ಯಾಬಿನ್ ಕಡೆ ತಂತಿ ಅಲಗಾಡಿಸತೇನಿ, ನೋಡ್ತಾ ಇರ್ರಿ."

"ಇಲ್ರಿ. ಹತ್ತವಲ್ದು."

ತಂತಿ ಹಿಡಿದುಕೊಂಡೇ ಹೋದೆ, ಎಂಜಿನ್ನಿನಿಂದ ಕ್ಯಾಬಿನ್ನಿನ ಅಡಿಯವರೆಗೆ, ನಾನು ಹೇಳಿದ್ದ ಆ ತೂತಿನವರೆಗೆ. ಬೆನ್ನ ಮೇಲೆ ಮಲಗಿ ಮೊಬೈಲಿನ ಬೆಳಕು ಬಿಟ್ಟೆ.

ತೂತಿನ ಅಂಚಿಗೆ ಹೊಸ ರಬ್ಬರು. ತಂತಿಯ ಮೇಲೆ ಹೊಸ ಕವಚ. ಹಳೆಯ ತಂತಿ ತಿಕ್ಕಿ ಸವೆದ ಹೊಳಪು ಕಬ್ಬಿಣದ ಮೇಲೆ ಇನ್ನೂ ಇತ್ತು. ಕವಚದ ಮೇಲೆ ಗುಲಾಬಿ ಚುಕ್ಕಿ.

ಒಂದಲ್ಲ, ಎರಡು. ಅವನು ಯಾವಾಗಲೂ ಒಂದೇ ಇಡುವವನು. ನನ್ನ ಪಾಲಿನದೂ ಒಂದು ಇಟ್ಟಿದ್ದ.

"ಏನಾತವಾ?" ರಾಯಪ್ಪ ಹೊರಗಿನಿಂದ ಕೇಳಿದ. "ಅಳಾಕತ್ತೀಯೇನು?"

"ಧೂಳ್ರಿ."

ಹೊರಗೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡೆ. "ತಂತಿ ತಪ್ಪಿಲ್ಲ. ಸ್ವಿಚ್ ಕೆಟ್ಟಿರಬೇಕು, ಇಲ್ಲಾ ದೀಪ ಖರೇನ ಹೇಳಾಕತ್ತೈತಿ."

"ಖರೇ ಅಂದ್ರ?"

ಸ್ವಿಚ್ ಬಿಚ್ಚಿಸಿ ಅದೇ ಜಾಗಕ್ಕೆ ಗೇಜು ಹಾಕಿಸಿದೆ. ಗೇಜಿನ ಜಾಯಿಂಟು ಸಡಿಲವಿತ್ತು; ಹನಿ ಜಿನುಗದಂತೆ ಪಾನಾ ಹಿಡಿದು ನಾನೇ ಬಿಗಿ ಮಾಡಿದೆ.

"ಲಗಮಪ್ಪಾರ, ಹತ್ತ ಎಣಸೂತನಾ ಅಷ್ಟ. ಬಂದ್ ಅಂದ ಕೂಡ್ಲೇ ಬಂದ್ ಮಾಡ್ರಿ."

ಎಂಜಿನ್ ಗುಡುಗಿತು. ಗೇಜಿನ ಮುಳ್ಳು ಒಂದು ಗೆರೆ ಎದ್ದಿತು, ನಡುಗಿತು, ಅಲ್ಲೇ ನಿಂತಿತು. ಏಳಬೇಕಾದ ಕಡೆಗೆ ಏಳಲೇ ಇಲ್ಲ.

"ಬಂದ್!"

ಲಗಮಪ್ಪ ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದ. ಆಯಿಲ್ ಭರ್ತಿ ಇತ್ತು.

"ಆಯಿಲ್ ಐತಿ, ಮ್ಯಾಲ ಏರವಲ್ದು," ಎಂದೆ. "ಕೆಳಗಿನ ಆಯಿಲ್ ಚೇಂಬರ್ ಇಳಸ್ರಿ. ಒಳಗ ಆಯಿಲ್ ಸೋಸೂ ಜಾಳಗಿ ಕಟ್ಟಿರಬೇಕು, ಇಲ್ಲಾ ಪಂಪು ಹೋಗಿರಬೇಕು. ವೈರ್ ಕತ್ತರಿಸಿ ಓಡಿಸಿದ್ರ ಸಂಜಿ ಒಳಗ ಎಂಜಿನ್ ಜಾಮ್ ಆಗತಿತ್ತು."

ರಾಯಪ್ಪ ಕೈಯಲ್ಲಿದ್ದ ಪ್ಲೇಯರನ್ನು ನೋಡಿಕೊಂಡ. ಮೆಲ್ಲಗೆ ಟ್ರ್ಯಾಕಿನ ಮೇಲಿಟ್ಟ.

"ಅದಕ್ಕ ಅಂವ ಚಾವಿ ಒಯ್ದ."

"ಅದಕ್ಕ ಒಯ್ದಾರ. ಗೇಜ್ ತರಾಕ ಹೋಗಿದ್ರು."

"ನಾಕ ಮಂದಿಗೆ ನಾನ ಹೇಳತೇನಿ, ತಂಗಿ," ಎಂದ. "ಖರೇ ಹೇಳತೇನಿ."

*

ಮರುದಿನ ಕಿತ್ತೂರಿಗೆ ಹೋದೆ. ಹೈವೇ ಪಕ್ಕದ ಗ್ಯಾರೇಜಿನಲ್ಲಿ ಸಿದ್ದರಾಮ ಒಬ್ಬನೇ ಇದ್ದ. ನನ್ನನ್ನು ಕಂಡು ಎದ್ದು ಸ್ಟೂಲು ಒರೆಸಿದ.

"ಕುಂತ್ರಿ ವೈನಿ. ಗೇಜ್ ಸಂಬಂಧ ಯಾಕ ಬಂದ್ರಿ? ನಾ ಕೇಳಾಂವ ಇದ್ದಿಲ್ಲ."

"ಇಸ್ಕೊಂಡಾವ್ರು ಕೊಡಬೇಕಲ್ರಿ."

ಅವನು ಕೈ ಒರೆಸಿಕೊಂಡ. "ಅವತ್ತ ಭಾಳ ಗಡಿಬಿಡ್ಯಾಗಿದ್ದ. ಚಹಾ ಕುಡಿ ಅಂದ್ರ ಒಲ್ಲೆ ಅಂದ. ಬಳಿ ಅಂಗಡಿ ಬಂದ್ ಆಗತೈತಿ ಅಂದ. ಅಲ್ಲಿ ನಿಂದೇನೋ ಕೆಲಸಾ ಅಂದೆ, ನಕ್ಕ."

"ಹೂಂ," ಎಂದೆ.

ಬಟ್ಟೆ ಬಿಚ್ಚಿ ಗೇಜನ್ನು ಅವನ ಕೈಗೆ ಕೊಟ್ಟೆ. ಅವನು ತಿರುಗಿಸಿ ನೋಡಿದ. ಜಾಯಿಂಟಿನ ಮೇಲೆ ಹೆಬ್ಬೆರಳು ನಿಂತಿತು.

"ಇದೇನ್ರಿ, ಗುಲಾಬಿ ಬಣ್ಣ?"

"ಅಲ್ಲಿ ಸಡ್ಲ ಇತ್ತು. ಬಿಗಿ ಮಾಡೇನಿ," ಎಂದೆ. "ನೋಡಿದ್ದಕ್ಕ ನಮ್ಮ ಮನ್ಯಾಗ ಗುರ್ತು ಹಂಗ."