ಮಬ್ಬು ಬಿಯರು ತಿಳಿಯಾದ ಮಧ್ಯಾಹ್ನ

"ಅಕ್ಕಾ, ನನ್ನ ಬಿಯರ್ ತಿಳಿಯಾಗಿಬಿಟ್ಟಿದೆ!"

ಬಾಗಿಲಲ್ಲಿ ನಿಂತ ಪೃಥ್ವಿರಾಜ ಏದುಸಿರು ಬಿಡುತ್ತಿದ್ದ. ಮೇ ತಿಂಗಳ ಬಿಸಿಲಲ್ಲಿ ಪುಣೆಯ ಅಂಚಿನ ಮುಂಢವಾದಿಂದ ಬೈಕು ಓಡಿಸಿಕೊಂಡು ಬಂದಿದ್ದ. ಕೈಯಲ್ಲೊಂದು ನೀರಿನ ಬಾಟಲಿ, ಅದರ ತುಂಬ ಜೇನಿನ ಬಣ್ಣದ ಬಿಯರು.

ಸುಮಂಗಲಕ್ಕ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಆಚೆಯ ಬೇವಿನ ಮರದ ಒಂದೊಂದು ಎಲೆಯೂ ಬಾಟಲಿಯೊಳಗಿಂದ ಕಾಣುತ್ತಿತ್ತು.

"ಎಷ್ಟ ಚಂದ ಅದಲ್ಲೋ! ಇದಕ್ಯಾಕ ಹಿಂಗ ಓಡಿ ಬಂದಿ?"

"ಚಂದವಾ?" ಪೃಥ್ವಿರಾಜ ಅಳುವ ಹಾಗಾದ. "ಇದು ಮಬ್ಬಾಗಿ ಇರ್ಬೇಕಿತ್ತು ಅಕ್ಕಾ! ಯಾರೋ ಹಾಳು ಮಾಡಿದ್ದಾರೆ. ಇವತ್ತು ಸಂಜೆಯೊಳಗೆ ಯಾರು ಅಂತ ಗೊತ್ತಾಗದಿದ್ರೆ ನನ್ನ ಕತೆ ಮುಗಿಯಿತು."

ಮೂಲೆಯಲ್ಲಿ ಪುಸ್ತಕ ಹಿಡಿದು ಕೂತಿದ್ದ ಅಂಬಾದಾಸ ತಲೆ ಎತ್ತಿದ. ಪೊಲೀಸ್ ಪ್ರಯೋಗಶಾಲೆಯಿಂದ ನಿವೃತ್ತಳಾದ ಸುಮಂಗಲಕ್ಕನ ಮನೆಗೆ ಪುಣೆಯ ಕನ್ನಡಿಗರು ತಮ್ಮ ಬಿಡಿಸಲಾರದ ಗಂಟುಗಳನ್ನೆಲ್ಲ ಹೊತ್ತು ತರುತ್ತಿದ್ದರು. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿಕೊಂಡ ಅಂಬಾದಾಸ ಅವಳ ಜೊತೆ ಹೋಗುತ್ತಿದ್ದ, ನೋಡುತ್ತಿದ್ದ, ಹೆಚ್ಚು ಮಾತಾಡುತ್ತಿರಲಿಲ್ಲ. ಜನ ಆಡಿದ ಮಾತಿಗಿಂತ, ಆಡಬೇಕಾದಲ್ಲಿ ಆಡದೆ ಬಿಟ್ಟ ಮಾತು ಅವನನ್ನು ಎಳೆಯುತ್ತಿತ್ತು. ಆದರೆ ಇಂಥ ಫಿರ್ಯಾದನ್ನು ಅವನೂ ಕೇಳಿರಲಿಲ್ಲ.

ಅದು ಎರಡು ಸಾವಿರದ ಒಂಬತ್ತರ ಬೇಸಿಗೆ. ಹೋಟೆಲಿನಲ್ಲೇ ಬಿಯರು ತಯಾರಿಸಿ ಮಾರುವುದು ಪುಣೆಗೆ ಹೊಸದು. ಪೃಥ್ವಿರಾಜನ ಸೋದರಮಾವ ಮೋಹನದಾಸ್ ಕುಂದಾಪುರದ ಕಡೆಯವರು. ಮುಂಢವಾದಲ್ಲಿ ಅವರ 'ಸುವರ್ಣಾ' ಹೋಟೆಲು. ಹಿತ್ತಿಲ ಶೆಡ್ಡನ್ನು ಅಳಿಯನಿಗೆ ಬಿಟ್ಟುಕೊಟ್ಟಿದ್ದರು. ಅಲ್ಲಿ ಅವನು ಐಪಿಎ ಎಂಬ, ಹಾಪ್ಸ್ ಹೂವನ್ನು ಧಾರಾಳವಾಗಿ ಹಾಕಿದ ಕಹಿ ಬಿಯರನ್ನು ಮಾಡುತ್ತಿದ್ದ. ಮೊದಲು ಮಾಡಿದ್ದು ಸೋಸಿದ, ತಿಳಿಯಾದ ಐಪಿಎ. ಈ ಸಲ ಸೋಸದೆ, ಮಾವಿನ ರಸದ ಹಾಗೆ ಮಬ್ಬಾದದ್ದನ್ನು ಮಾಡಿದ್ದ. ಅಲ್ಲಿಂದ ಶುರುವಾಯಿತು ಜಗಳ! ಕುಡಿಯುವವರಲ್ಲಿ ಎರಡು ಪಂಗಡವಾಗಿ, ಇವತ್ತು ಸಂಜೆ ಎರಡನ್ನೂ ಎದುರೆದುರು ಇಟ್ಟು ತೀರ್ಪು ಕೊಡುವುದೆಂದು ನಿಂತಿತ್ತು.

"ಜನ ಮಬ್ಬು ಬಿಯರನ್ನು ಒಪ್ಪದಿದ್ರೆ ಶೆಡ್ಡಿಗೆ ಬೀಗ ಅಂತ ಮಾವ ಮೊದಲೇ ಹೇಳಿದ್ದಾರೆ," ಎಂದ ಪೃಥ್ವಿರಾಜ. "ನಾನು ರಾಂಜಣಗಾಂವದ ಫ್ಯಾಕ್ಟರಿ ಕ್ಯಾಂಟೀನು ನೋಡಿಕೊಳ್ಳಬೇಕು. ಈಗ ನೋಡಿದ್ರೆ ಇದು ಒಪ್ಪೋದಿರಲಿ, ಬಾಯಿಗೇ ಇಡ್ಲಿಕ್ಕಾಗುದಿಲ್ಲ. ಒಳಗೆ ಮಬ್ಬಿನದ್ದೇ ಇನ್ನೊಂದು ಡ್ರಮ್ ಉಂಟು. 'ನಿನಗೆ ಕೆಲಸವೇ ಗೊತ್ತಿಲ್ಲ, ಅದೂ ಕೆಟ್ಟೇ ಇರ್ತದೆ, ನನ್ನ ಹೋಟೆಲಲ್ಲಿ ಕೊಡುದಿಲ್ಲ' ಅಂತಾರೆ ಮಾವ. ಯಾರೋ ಕೈ ಹಾಕಿದ್ದಾರೆ ಅಂತ ತೋರಿಸಿದ್ರೆ ಮಾತ್ರ ಅದು ಹೊರಗೆ ಬರುತ್ತದೆ."

"ನಾ ಜನ್ಮದಾಗ ಇದನ್ನ ಬಾಯಿಗೆ ಹಚ್ಚಿದಾಕಿ ಅಲ್ಲ," ಸುಮಂಗಲಕ್ಕ ಬಾಟಲಿಯನ್ನು ಅಂಬಾದಾಸನ ಕಡೆ ಚಾಚಿದಳು. "ಇವತ್ತ ನಿನ್ನ ನಾಲಿಗಿ ನನಗ ಕಡಾ ಕೊಡು."

ಅಂಬಾದಾಸ ಒಂದು ಗುಟುಕು ಕುಡಿದ. ಮೊದಲು ಹೂವಿನ ಕಹಿ. ನುಂಗುವಷ್ಟರಲ್ಲಿ ನಾಲಿಗೆ ಮುದುಡಿಕೊಂಡು, ಹಲ್ಲೆಲ್ಲ ಜುಮ್ಮೆಂದವು. "ಒಗರು, ಅಕ್ಕಾರ. ಎಳೆ ಬಾಳೆಕಾಯಿ ಕಚ್ಚಿದಂಗ. ಮತ್ತ ಗ್ಯಾಸ್ ಅನ್ನೋದ ಇಲ್ಲ, ಸಪ್ಪಗ ಅದ."

"ಮೊದಲ ಇಂಥಾ ಒಗರು ಇತ್ತೇನು?"

"ಇಲ್ಲವೇ ಇಲ್ಲ!" ಎಂದ ಪೃಥ್ವಿರಾಜ. "ಇದು ಆ ತಿಳಿ ಪಾರ್ಟಿಯ ಪ್ರೇಮಕುಮಾರರದ್ದೇ ಕೆಲಸ. ನಿನ್ನೆ ಎಲ್ಲರೆದುರು ಕೂಗಿದ್ದಾರೆ, 'ನಿನ್ನ ರಾಡಿನ ನಾನ ತಿಳಿ ಮಾಡಿ ತೋರಸ್ತೀನಿ' ಅಂತ. ಲಕ್ಷ್ಮೀ ರಸ್ತೆಯಲ್ಲಿ ಅವರದ್ದು ನೀರಿನ ಫಿಲ್ಟರ್ ಅಂಗಡಿ."

"ಛತ್ರಿ ತಗೋ ಅಂಬಾದಾಸ," ಎಂದು ಸುಮಂಗಲಕ್ಕ ಆಗಲೇ ಚಪ್ಪಲಿ ಮೆಟ್ಟಿದ್ದಳು.

'ಸುವರ್ಣಾ'ದ ಮುಂದೆ ಟ್ಯಾಂಕರ್ ನಿಂತು ಹಿತ್ತಿಲ ಸಿಮೆಂಟ್ ತೊಟ್ಟಿಗೆ ನೀರು ಬಿಡುತ್ತಿತ್ತು. ಬೇಸಿಗೆಯ ನೀರು, ಕೆಮ್ಮಣ್ಣು ಕದಡಿದ ಬಣ್ಣ. ಒಳಗೆ ಊಟದ ಗದ್ದಲ ಇಳಿದಿದ್ದರೂ ಒಂದು ಮೇಜಿನ ಸುತ್ತ ಗಲಾಟೆ ಇಳಿದಿರಲಿಲ್ಲ. ನಡುವೆ ಕೂತ ದಪ್ಪ ಮೀಸೆಯ ಪ್ರೇಮಕುಮಾರ ಅಂಬಾದಾಸನನ್ನು ಕಂಡವನೇ ಕೈ ಎತ್ತಿದ.

"ಬರ್ರಿ ಎಂ.ಎ. ಸಾಹೇಬ್ರ! ನೀವು ಮಬ್ಬಿನ ಪಾರ್ಟಿ ಅಲ್ರೀ? ಫಿಲಾಸಫಿ ಓದಿದವ್ರಿಗೆ ಯಾವದೂ ತಿಳಿಯಾಗಿ ಕಂಡ್ರ ಸೇರೂದಿಲ್ಲ ಬಿಡ್ರಿ."

ಮೇಜು ಘೊಳ್ಳೆಂದಿತು. "ತಿಳಿಯಾದದ್ದ ಖರೇ ಐಪಿಎ," ಎಂದು ಪ್ರೇಮಕುಮಾರ ಮೇಜು ಕುಟ್ಟಿದ. "ಗ್ಲಾಸಿನ ಆಚೆ ಇಟ್ಟ ಪೇಪರ್ ಓದಾಕ ಬರಬೇಕು. ಮಬ್ಬು ಅಂದ್ರ ಏನು? ಸೋಸೂ ಆಳಸಿತನ!"

"ಮಬ್ಬಲ್ಲೇ ಹೂವಿನ ಪರಿಮಳ ನಿಲ್ಲುದು ಮಾರಾಯ್ರೆ!" ಪೃಥ್ವಿರಾಜ ಕೆರಳಿದ. "ಸೋಸಿ ಸೋಸಿ ಬಣ್ಣದ ನೀರು ಕುಡಿಯಿರಿ ನೀವು. ಅದಕ್ಕೇ ಅಲ್ಲವಾ ನನ್ನ ಡ್ರಮ್ಮಿಗೆ ಕೈ ಹಾಕಿದ್ದು?"

"ಆಯಿಲಾ! ನಾನಾ?" ಪ್ರೇಮಕುಮಾರ ಎದ್ದೇ ನಿಂತ. "ಅಕ್ಕಾರ, ನೀವ ಹೇಳ್ರಿ. ಈಗಷ್ಟ ಒಂದ ಗುಟುಕು ಬಾಯಾಗ ಹಾಕ್ಕೊಂಡು ಉಗುಳಿ ಬಂದೀನಿ. ಗೆದ್ರ ರುಚಿಯಿಂದ ಗೆಲ್ಲಬೇಕು. ಇಂಥಾದ್ದು ತಿಳಿ ಬಿಯರ್ ಅಂತ ಮಂದಿ ಕುಡದ್ರ ಮಾನ ಹೋಗೂದು ನಮ್ಮ ಪಾರ್ಟೀದ."

ಸುಮಂಗಲಕ್ಕ ನೇರ ಒಳಗೆ ನಡೆದಳು. ಬಿಯರಿನ ತಣ್ಣನೆ ಕೋಣೆಗೆ ಅಡಿಗೆಮನೆ ಹಾದೇ ಹೋಗಬೇಕು. ಕೀಲಿ ತೂಗುವುದು ಅಡಿಗೆಮನೆಯ ಮೊಳೆಗೆ. ಕೋಣೆ ತೊಳೆಯುವ, ಡ್ರಮ್ಮು ಸರಿಸುವ ಹುಲಿಗೆಪ್ಪ ಬಾಗಿಲು ತೆರೆದ. ಮುಂದೆ ಒಂದು ಸ್ಟೀಲಿನ ಡ್ರಮ್ಮು. ಎರಡನೆಯದು ಕ್ರೇಟುಗಳ ಹಿಂದೆ, ಮೂಲೆಯಲ್ಲಿ.

ಸುಮಂಗಲಕ್ಕ ಮೊದಲು ನೋಡಿದ್ದು ಮೇಲಕ್ಕೆ. ಬಿಳಿ ಮಾಳಿಗೆಯಲ್ಲಿ, ಮುಂದಿನ ಡ್ರಮ್ಮಿನ ನೇರಕ್ಕೆ, ಹಳದಿ ಚುಕ್ಕೆಗಳು ಚೆಲ್ಲಿದ್ದವು. ಮುಚ್ಚಳದ ರಬ್ಬರ್ ಬಳೆ ತಿರುಚಿಕೊಂಡು ಹೊರಗೆ ಇಣುಕುತ್ತಿತ್ತು.

"ಹುಲಿಗೆಪ್ಪ, ಇದರ ಮುಚ್ಚಳ ತಗಿಯೂದು ಹೆಂಗ?"

"ಮೊದಲ ಈ ಸಣ್ಣ ಕೀಲ ತಿರುವಿ ಗ್ಯಾಸ್ ಬಿಡಬೇಕ್ರಿ. ಇಲ್ಲಂದ್ರ ಮಾರಿಗೆ ಹೊಡೀತದ."

"ಇವತ್ತ ಮುಂಜಾನೆ ಹೆಂಗಿತ್ತು ಬಿಯರು?"

ಹುಲಿಗೆಪ್ಪ ಪೃಥ್ವಿರಾಜನ ಮುಖ ನೋಡಿ, ನೆಲ ನೋಡಿ, ತಲೆ ಕೆರೆದುಕೊಂಡ. "ಬೈಬ್ಯಾಡ್ರಿ ಅಣ್ಣಾರ. ಮುಂಜಾನೆ ನಳದಾಗಿಂದ ಒಂದ ಲೋಟ ಹಿಡದ ಕುಡದೇನ್ರೀ. ಮಬ್ಬ ಇತ್ತು, ಭಾಳ ಚಲೋ ಇತ್ತು. ದಿನಾ ಒಂದ ಲೋಟ ನೋಡತೇನ್ರಿ, ಕೆಟ್ಟೈತೇನಂತ."

ಪೃಥ್ವಿರಾಜನಿಗೆ ಆ ಸಂಕಟದಲ್ಲೂ ನಗು ಬಂತು. ಸುಮಂಗಲಕ್ಕ ಡ್ರಮ್ಮಿನ ತೀರ ಬುಡದಲ್ಲಿದ್ದ, ತೊಳೆಯುವಾಗ ಬಿಡುವ ನಳವನ್ನು ಪಾತ್ರೆಯೊಂದಕ್ಕೆ ತೆರೆದಳು. ಅರಳಿದ ಹತ್ತಿಯಂಥ ಬೂದು ಗಷ್ಟು ದಪ್ಪಗೆ ಇಳಿಯಿತು. ಅವಳ ಕಣ್ಣು ಮಿಂಚಿದ್ದನ್ನು ಅಂಬಾದಾಸ ಗಮನಿಸಿದ. ಗಂಟು ಸಡಿಲವಾಗುತ್ತಿದೆ!

ಹೊರಗೆ ಬರುವಾಗ ಮೋಹನದಾಸ್ ಅಡ್ಡ ನಿಂತರು. "ಬಿಯರ್ ಬೆಲ್ಲದ ಹಾಗೆ ಇಟ್ಟಲ್ಲೇ ಉಳಿಯುದಲ್ಲ ಅಕ್ಕಾ, ಕೈ ತಪ್ಪಿದರೆ ಕೆಡ್ತದೆ. ನಾನು ದಿನಾ ರಾತ್ರಿ ಊಟಕ್ಕೆ ಮೊದಲು ಒಂದು ಗ್ಲಾಸ್ ಕುಡಿಯುವವ. ಕಣ್ಣಿಗೆ ಬಟ್ಟೆ ಕಟ್ಟಿದರೂ ಒಳ್ಳೇದು ಯಾವುದು, ಕೆಟ್ಟದ್ದು ಯಾವುದು ಹೇಳ್ತೇನೆ. ಇದು ಕೆಟ್ಟಿದೆ. ಇವನಿಗೆ ಕ್ಯಾಂಟೀನೇ ಸರಿ."

"ಮಾವ, ಹಾಳು ಮಾಡಿದವ ಯಾರಂತ ಗೊತ್ತಾಗಲಿ. ಜೀವಮಾನದಲ್ಲಿ ಅವನ ಮುಖ ನೋಡುದಿಲ್ಲ ನಾನು!" ಪೃಥ್ವಿರಾಜನ ದನಿ ಅಡಿಗೆಮನೆಯ ತುಂಬ ಮೊಳಗಿತು.

ಒಲೆಯ ಬಳಿ ಮೋಹನದಾಸರ ಹೆಂಡತಿ ಪ್ರೇಮಾವತಿ ಮಜ್ಜಿಗೆ ಬೆರೆಸುತ್ತಿದ್ದಳು. ಮಕ್ಕಳಿಲ್ಲದ ಅವಳೇ ಪೃಥ್ವಿರಾಜನನ್ನು ಸಾಕಿದವಳು. ಬಂದವರಿಗೆಲ್ಲ ಲೋಟ ಕೊಟ್ಟಳು, ಒಂದು ಮಾತೂ ಆಡಲಿಲ್ಲ. ಹೋಟೆಲಿಗೆ ಬಂದಾಗೆಲ್ಲ "ಎಂತ ಅಂಬಾದಾಸರೇ, ಬಡಕಲಾದಿರಲ್ಲ" ಎನ್ನುವ ಹೆಂಗಸು! ಅಂಬಾದಾಸ ಮಜ್ಜಿಗೆ ಹಿಡಿದು ನಿಂತೇ ಇದ್ದ. ಮಗನಂಥ ಹುಡುಗ ಕೂಗಾಡುತ್ತಿರುವಾಗ ಇವಳ ಮೌನ ಒಲೆಯ ಸದ್ದಿಗಿಂತ ದೊಡ್ಡದಾಗಿ ಕೇಳಿಸುತ್ತಿತ್ತು. ಊಟದ ಹೊತ್ತಿನಲ್ಲಿ ತಲೆಗೆ ನೀರೆರೆದುಕೊಂಡು ಒದ್ದೆ ಕೂದಲನ್ನು ಟವೆಲಿನಲ್ಲಿ ಕಟ್ಟಿದ್ದಳು. ಪಕ್ಕದ ತಾಮ್ರದ ಹಂಡೆಯಲ್ಲಿ ನೀರು ಕನ್ನಡಿಯ ಹಾಗೆ ತಿಳಿಯಾಗಿತ್ತು. ಹಂಡೆಯ ಅಂಚಿಗೆ ದಾರದಲ್ಲಿ ಕಟ್ಟಿದ, ಸವೆದ ಬಿಳಿ ಗಟ್ಟಿಯೊಂದು ತೂಗುತ್ತಿತ್ತು.

ಸುಮಂಗಲಕ್ಕ ಮಜ್ಜಿಗೆ ಮುಗಿಸಿ ಲೋಟ ಕೆಳಗಿಟ್ಟಳು. "ಮೋಹನದಾಸ್, ಸಂಜೀಕ ಎಲ್ಲಾರ್ನೂ ಕೂಡಸ್ರಿ."

ಸಂಜೆ ಹೋಟೆಲಿನ ಹಾಲ್ ತುಂಬಿತು. ಎರಡೂ ಪಂಗಡದವರು ಕುರ್ಚಿ ಎಳೆದುಕೊಂಡು ಕೂತರು; ಕೆಲವರು ಗೋಡೆಗೆ ಒರಗಿದರು. ಬಾರಿನಲ್ಲಿ ಒಬ್ಬ ಹೆಂಗಸು ಎದ್ದು ನಿಂತು ಭಾಷಣ ಮಾಡುವುದನ್ನು ಅವರಲ್ಲಿ ಯಾರೂ ಕಂಡಿರಲಿಲ್ಲ. ಪ್ರೇಮಾವತಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಬಿಯರು ತಾನಾಗಿ ಕೆಟ್ಟದ್ದಲ್ಲ," ಎಂದು ಸುಮಂಗಲಕ್ಕ ಶುರುಮಾಡಿದಳು. "ಮುಂಜಾನೆ ಚಲೋ ಇತ್ತು, ಹುಲಿಗೆಪ್ಪನ ಹೊಟ್ಟಿ ಸಾಕ್ಷಿ."

ನಗು. ಹುಲಿಗೆಪ್ಪ ಕಂಬದ ಮರೆಗೆ ಸರಿದ.

"ಯಾರೋ ತಿಳಿ ಮಾಡಿದ್ರು. ಹೆಂಗ? ಫಿಲ್ಟರಿನಾಗ ಸೋಸಿದ್ರ ಗಷ್ಟು ಫಿಲ್ಟರಿನಾಗ ಉಳೀತದ. ಇಲ್ಲಿ ಗಷ್ಟೆಲ್ಲಾ ಡ್ರಮ್ಮಿನ ತಳದಾಗನ ಕುಂತದ. ಅಂದ್ರ ಮ್ಯಾಲಿಂದ ಏನೋ ಹಾಕಿ ಇಳಿಸ್ಯಾರ. ಪ್ರೇಮಕುಮಾರ, ನಿನ್ನ ಅಂಗಡಿಗೆ ಅಲ್ಲೇ ಖುಲಾಸೆ ಆತು."

"ನಾ ಹೇಳಿದ್ನಿಲ್ರೀ!" ಎಂದು ಪ್ರೇಮಕುಮಾರ ಮೀಸೆ ತಿರುವಿದ.

"ಇನ್ನ ಮುಚ್ಚಳ. ಗ್ಯಾಸ್ ಬಿಡದ ತಗದಾರ. ಬಿಯರು ಮಾಳಗೀಗೆ ಸಿಡಿದದ, ಗ್ಯಾಸೆಲ್ಲಾ ಹೋಗಿ ಸಪ್ಪಗಾಗೇದ. ಪೃಥ್ವಿ, ಹುಲಿಗೆಪ್ಪ ಇಬ್ಬರೂ ಕಣ್ಣು ಮುಚ್ಚಿ ಆ ಮುಚ್ಚಳ ತಗೀತಾರ. ಅವರು ಈ ತಪ್ಪು ಮಾಡೂದಿಲ್ಲ. ಮತ್ತ ಹಾಕಿದ್ದೇನು? ಅಂಬಾದಾಸನ ನಾಲಿಗಿ ಹೇಳೇದ. ಒಗರು, ಬಾಯಿ ಮುದುಡೂ ಒಗರು. ಬ್ಯಾಸಗ್ಯಾಗ ಟ್ಯಾಂಕರ್ ನೀರು ಕುಡಿಯೂ ಮಂದಿಗೆ ಗೊತ್ತಿಲ್ಲೇನ್ರೋ? ರಾಡಿ ನೀರಾಗ ಏನ ತಿರುವತೀರಿ?"

"ಪಟಿಕ!" ಎಂದರು ನಾಲ್ಕಾರು ಜನ ಒಟ್ಟಿಗೆ. "ತುರಟಿ!" ಎಂದ ಮರಾಠಿಯವನೊಬ್ಬ.

"ಪಟಿಕ ಹಾಕಿದ್ರ ರಾಡಿ ಎಲ್ಲಾ ಹೆಪ್ಪುಗಟ್ಟಿ ತಳಕ್ಕ ಇಳೀತದ. ಪಟಿಕ ಅಡಿಗಿಮನಿ ಹಂಡೇಕ್ಕ ಕಟ್ಟೇದ, ಈ ಹೋಟೆಲಿನ್ಯಾಗ ಎಲ್ಲಾರ ಕೈಗೂ ಸಿಗ್ತದ. ಅದಕ್ಕ ನಾ ಬ್ಯಾರೇ ಪ್ರಶ್ನೆ ಕೇಳಿಕೊಂಡೆ. ಕೆಡಿಸಬೇಕಂದಾವ ಉಪ್ಪು ಸುರೀತಾನ, ಸಾಬಾಣ ಹಾಕ್ತಾನ. ಇವರು ಕೆಡಿಸಾಕ ಬಂದಿಲ್ಲ. ಚಂದ ಮಾಡಾಕ ಬಂದಾರ. ಮತ್ತ ಚಂದ ಮಾಡಿದ ಮ್ಯಾಲೆ ಒಂದ ಗುಟುಕು ಕುಡದು ನೋಡಿಲ್ಲ. ನೋಡಿದ್ರ ಒಗರು ತಿಳೀತಿತ್ತು. ಕುಡಿಯೂ ಮನಷಾ ಯಾವನೂ ಬಿಯರಿನ ಬರೇ ಕಣ್ಣಿಲೆ ನೋಡಿ ಬಿಡೂದಿಲ್ಲ. ಪ್ರೇಮಕುಮಾರ ಬಿಡಲಿಲ್ಲ, ಹುಲಿಗೆಪ್ಪ ಬಿಡಲಿಲ್ಲ, ದಿನಾ ಒಂದ ಗ್ಲಾಸ್ ಕುಡಿಯೂ ಮೋಹನದಾಸ್ ಬಿಡತಿರಲಿಲ್ಲ. ಪೃಥ್ವಿ ಬಾಟಲಿ ತಂದಾಗ, 'ಎಷ್ಟ ಚಂದ ಅದ' ಅಂದಾಕಿ ನಾನು. ಯಾಕಂದ್ರ ನಾ ಕುಡಿಯೂದಿಲ್ಲ. ನನ್ನಂಥಾವರ ಇದನ್ನ ಮಾಡ್ಯಾರ."

ಅಂಬಾದಾಸ ಬಾಗಿಲ ಕಡೆ ನೋಡಲಿಲ್ಲ. ನೋಡಿದರೆ ತಾನೇ ತೋರಿಸಿಕೊಟ್ಟ ಹಾಗಾಗುತ್ತದೆ ಎನಿಸಿತು.

"ನಾನೇ," ಎಂಬ ದನಿ ಅಲ್ಲಿಂದಲೇ ಬಂತು.

ಪ್ರೇಮಾವತಿ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಮುಂದೆ ಬಂದಳು. "ನಿನ್ನೆ ನಮ್ಮವರೇ ಹೇಳಿದ್ದು ಕೇಳಿದೆ, 'ಈ ಕೊಚ್ಚೆನೀರನ್ನು ಯಾರು ಕುಡೀತಾರೆ, ನಾಳೆ ಎಲ್ಲ ಸೇರಿ ಹುಡುಗನನ್ನು ನೋಡಿ ನಗ್ತಾರೆ' ಅಂತ. ನಾನೂ ಒಂದು ಲೋಟದಲ್ಲಿ ಹಿಡಿದು ನೋಡಿದೆ. ಮಣ್ಣುನೀರಿನ ಹಾಗೇ ಕಂಡಿತು. ಪಾಪ, ಮಗುವಿಗೆ ತಿಳಿ ಮಾಡ್ಲಿಕ್ಕೆ ಬರಲಿಲ್ಲ ಕಾಣ್ತದೆ ಅಂತ... ಇವತ್ತು ಪಟಿಕ ಹಾಕ್ಲಿಕ್ಕೆ ಮುಚ್ಚಳ ತೆಗೆದದ್ದೇ ಮುಖಕ್ಕೆಲ್ಲ ಹಾರಿತು. ತಲೆಗೆ ಸ್ನಾನ ಮಾಡಿ ಬಂದೆ. ಹೇಳಬೇಕು ಅನ್ನುವಷ್ಟರಲ್ಲಿ ಇವ ಕೂಗಿದ, ಮಾಡಿದವರ ಮುಖ ನೋಡುದಿಲ್ಲ ಅಂತ. ಮತ್ತೆ ನನಗೆ ಬಾಯಿ ಬರಲಿಲ್ಲ."

ಪೃಥ್ವಿರಾಜ ಕೂತಲ್ಲಿಂದ ಎದ್ದ. ಅವನು ನೇರ ಅವಳ ಮುಂದೆ ಹೋಗಿ ನಿಂತು, ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದ.

"ನೋಡಿದೆ ಅತ್ತೆ, ಸರಿಯಾಗಿ ನೋಡಿದೆ. ಆಯಿತಾ? ಇನ್ನು ಅಳಬೇಡಿ."

ಮೋಹನದಾಸ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು, ಬಹಳ ಹೊತ್ತು ಒರೆಸಿದರು. ಆಮೇಲೆ ಅದನ್ನು ಮತ್ತೆ ಏರಿಸಿಕೊಂಡು, "ಹುಲಿಗೆಪ್ಪಾ, ಹಿಂದಿನ ಡ್ರಮ್ಮನ್ನು ಎಳೆದು ತಾ" ಎಂದರು.

ಮಬ್ಬು ಬಿಯರು ಬಂತು. ನೊರೆ ಉಕ್ಕಿ ಗ್ಲಾಸಿನಿಂದ ಚೆಲ್ಲಿತು; ಸೀಬೆಹಣ್ಣು, ಕಿತ್ತಳೆ ಸಿಪ್ಪೆಯಂಥ ಪರಿಮಳ ಮೊದಲ ಸಾಲಿನವರೆಗೆ ಹರಡಿತು. ಮೊದಲ ಗ್ಲಾಸು ಎದುರು ಪಂಗಡದ ನಾಯಕನಿಗೆ. ಪ್ರೇಮಕುಮಾರ ಗ್ಲಾಸನ್ನು ಬೆಳಕಿಗೆ ಹಿಡಿದು, "ಏನೂ ಕಾಣವಲ್ದು," ಎಂದು ಗೊಣಗಿದ. ಕಣ್ಣು ಮುಚ್ಚಿ ಕುಡಿದ. ಇನ್ನೊಮ್ಮೆ ಕುಡಿದ. ಗ್ಲಾಸು ಬರಿದಾಯಿತು.

"ಏನ್ರಿ, ಹೆಂಗದ?" ಎಂದು ಹತ್ತು ಬಾಯಿ ಕೇಳಿದವು.

"ನಂದು ತಿಳಿ ಪಾರ್ಟೀನ, ಸಾಯೂತನಕ," ಎಂದು ಪ್ರೇಮಕುಮಾರ ಮೀಸೆಯ ನೊರೆ ಒರೆಸಿಕೊಂಡ. "ಆದ್ರ ಒಂದ ಗ್ಲಾಸಿನ ಮ್ಯಾಲೆ ತೀರ್ಪು ಕೊಡೂದು ನ್ಯಾಯ ಅಲ್ಲ. ಇನ್ನೊಂದು ತುಂಬು."

ಮಾಡು ಹಾರಿಹೋಗುವಂತೆ ನಗೆ ಎದ್ದಿತು. ಗ್ಲಾಸುಗಳು ಕೈಯಿಂದ ಕೈಗೆ ಓಡಿದವು; ಒಂದೂ ತಿರುಗಿ ಬರಲಿಲ್ಲ. ಮೋಹನದಾಸ್ ತಮ್ಮ ಗ್ಲಾಸನ್ನು ನಿಂತಲ್ಲೇ ಮುಗಿಸಿ ಹೆಂಡತಿಯ ಕಡೆ ತಿರುಗಿದರು.

"ರಾಂಜಣಗಾಂವಕ್ಕೆ ಫೋನು ಮಾಡು. ಕ್ಯಾಂಟೀನಿಗೆ ಬೇರೆ ಜನ ನೋಡಿಕೊಳ್ಳಿ, ನಮ್ಮ ಹುಡುಗನಿಗೆ ಪುರುಸೊತ್ತಿಲ್ಲ ಅಂತ ಹೇಳು."

ಪ್ರೇಮಾವತಿ ಕಣ್ಣೊರೆಸಿಕೊಂಡು ಫೋನಿನ ಕಡೆ ನಡೆದವಳು ನಡೆಯುತ್ತ ನಡೆಯುತ್ತ ಓಡಿಯೇಬಿಟ್ಟಳು.