ಎಡಗಂಟಿನ ಬಲೆ

ಯುಗಾದಿ ಕಳೆದು ನಾಲ್ಕನೇ ದಿನ. ಕೂಡ್ಲಿಗಿ ಕಡೆಯ ಕುರುಚಲು ಕಾಡಿನಲ್ಲಿ ನಡು ಮಧ್ಯಾಹ್ನ ಕಲ್ಲಿನ ಮೇಲೆ ಕೈಯಿಟ್ಟರೆ ಅಂಗೈ ಸುಡುತ್ತಿತ್ತು. ಅಂಥ ಬಿಸಿಲಲ್ಲಿ ಫಾರೆಸ್ಟ್ ಗಾರ್ಡ್ ಕೋಮಲಾ ಕಾರೆಮುಳ್ಳಿನ ಪೊದೆ ಮುಂದೆ ಮಂಡಿಯೂರಿ, ಬಲೆಯೊಂದರ ತುದಿ ಹಿಡಿದು, ಬೆವರು ಒರೆಸಿಕೊಳ್ಳುವುದನ್ನೂ ಮರೆತು ಕೂತಿದ್ದಳು.

ಬಲೆ ಕಟ್ಟಿದ್ದು ಮೊಲಕ್ಕೆ. ಬಿದ್ದದ್ದು ಹೆಣ್ಣು ನವಿಲು. ಕಾಡು ಕಾಯುತ್ತಲೇ ತಲೆ ಹಣ್ಣು ಮಾಡಿಕೊಂಡಿದ್ದ ವಾಚರ್ ಜೋಗಪ್ಪ ಅದರ ಕಣ್ಣಿಗೆ ಟವೆಲ್ ಮುಚ್ಚಿ, ಕಾಲಿಗೆ ಸುತ್ತಿದ್ದ ಎಳೆಗಳನ್ನು ಒಂದೊಂದಾಗಿ ಕತ್ತರಿಸುತ್ತಿದ್ದ.

"ಜೀವ ಐತ್ರಿ ಮೇಡಂ, ಕಾಲು ಮುರದೈತಿ. ಮೊಲ ಆಗಿದ್ರ ಒಂದು ಮಾತು. ನವಿಲು ಅಂದ್ರ ಕಟ್ಟಿದವನು ಜೈಲಿಗೇ. ಯಾರ ಬಲಿ ಇರಬೌದು?"

"ಗೊತ್ತಿಲ್ಲ," ಎಂದಳು ಕೋಮಲಾ.

ಮೂರು ವರ್ಷದ ನೌಕರಿಯಲ್ಲಿ ಅದು ಅವಳು ಹೇಳಿದ ಮೊದಲ ಸುಳ್ಳು.

ಬಲೆಯ ಗಂಟು ಅವಳ ಬೆರಳಿಗೇ ಗೊತ್ತಿತ್ತು. ನೌಕರಿಯ ಮೊದಲ ಚಳಿಗಾಲದಲ್ಲಿ, ಅವಳ ಮೇಲೆ ಮನಸಿಟ್ಟಿದ್ದ ಕುರಿಗಾಹಿ ಮೈಲಾರೇಶನ ಕುರಿಗಳು ಹಡಗಲಿ ಕಡೆಯ ಹೊಲಗಳಲ್ಲಿ ತಂಗಿದ್ದವು. ಅಲ್ಲಿಂದ ಅವನು ಎರಡು ಬಸ್ಸು ಬದಲಿಸಿ, ಒದ್ದೆ ಬಟ್ಟೆಯಲ್ಲಿ ಮಲ್ಲಿಗೆ ಸುತ್ತಿಕೊಂಡು ಅವಳ ಚೌಕಿಯ ತನಕ ಬಂದಿದ್ದ. ಕಟ್ಟಿದ ಮಾಲೆಯಲ್ಲ, ಬಿಡಿ ಮೊಗ್ಗು ಕೊಂಡು ದಾರಿಯುದ್ದಕ್ಕೂ ತಾನೇ ಕಟ್ಟಿದ್ದು. ಮಾಲೆ ನೋಡಿ ಅವಳು ನಕ್ಕಿದ್ದೇ ನಕ್ಕಿದ್ದು.

"ಹೂ ಕಟ್ಟೋದು ಯಾರ ಹತ್ರ ಕಲ್ತಿ?"

"ಯಾರ ಹತ್ರನೂ ಇಲ್ಲ. ಬಲಿ ಹೆಣಿಯೋದು ಬರ್ತಿತ್ತು. ಹಂಗ ಕಟ್ಟೀನಿ."

"ಇದನ್ನ ಮುಡ್ಕೊಂಡ್ರ ಮೊಲ ಬೀಳ್ತಾವೇನು?"

"ಮೊಲ ಯಾರಿಗೆ ಬೇಕು? ಗಾರ್ಡ್ ಬಿದ್ರ ಸಾಕು."

ಹಾಗೆಂದು ಅವನು ನೆಲ ನೋಡಿದ್ದ. ನೆಲ ನೋಡುತ್ತಲೇ ಓರೆಗಣ್ಣಲ್ಲಿ ಅವಳನ್ನೂ ನೋಡಿದ್ದ. ಗಂಡಸಿಗೆ ನಾಚಿಕೆ ಇಷ್ಟು ಚೆನ್ನಾಗಿ ಒಪ್ಪುತ್ತದೆಂದು ಕೋಮಲಾಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆಮೇಲೆ ಅವಳ ಬೆರಳಿಗೆ ದಾರ ಸುತ್ತಿ ಗಂಟು ತೋರಿಸಿದ. ಅವನ ಮುತ್ತಜ್ಜ ಎಡಚ. ಎಳೆಯನ್ನು ಎಡಕ್ಕೆ ಎರಡು ಸುತ್ತು ತಿರುಗಿಸಿ ಗಂಟು ಹಾಕುತ್ತಿದ್ದ. ಬಲಗೈ ಬಳಸುವ ಮಕ್ಕಳು ಮೊಮ್ಮಕ್ಕಳೂ ಅದನ್ನೇ ಕಲಿತರು. ಸುತ್ತ ಹತ್ತು ಹಳ್ಳಿಯಲ್ಲಿ ಬೇರೆ ಯಾವ ಮನೆಯವರೂ ಹಾಗೆ ಹೆಣೆಯುವುದಿಲ್ಲ. ಅಂದೇ ಅವನು ಮಾತು ಕೊಟ್ಟಿದ್ದ, "ನಿನ್ನ ನೌಕರಿಗೆ ನನ್ನಿಂದ ಮಸಿ ಹತ್ತಬಾರದು. ಇನ್ನು ಮೊಲದ ಬಲಿ ಮುಟ್ಟಾಂಗಿಲ್ಲ."

ಈಗ ಅದೇ ಎಡಗಂಟು, ನವಿಲಿನ ರಕ್ತ ಮೆತ್ತಿಕೊಂಡು, ಅವಳ ಕೈಯಲ್ಲಿತ್ತು.

ಜೋಗಪ್ಪ ನವಿಲನ್ನು ಬುಟ್ಟಿಯಲ್ಲಿಟ್ಟುಕೊಂಡು ದನದ ಡಾಕ್ಟರ ಹತ್ತಿರ ಹೊರಟ. ಕೋಮಲಾ ಬಲೆಯ ತುಂಡು ಜೇಬಿಗಿಟ್ಟು ಬೈಕ್ ಹತ್ತಿದಳು.

ಬೇವಿನ ಮರದ ನೆರಳಲ್ಲಿ ಕುರಿಗಳು ಒಂದರ ಹೊಟ್ಟೆ ಕೆಳಗೆ ಒಂದು ತಲೆ ತೂರಿಸಿ ನಿಂತಿದ್ದವು. ಅವಳನ್ನು ಕಂಡದ್ದೇ ಮೈಲಾರೇಶ್ ಎದ್ದು ಬಂದ. ಅವನ ಮುಖದಲ್ಲಿ ಹಬ್ಬವಿತ್ತು. ಇರಬೇಕಾದದ್ದೇ. ಎರಡು ವರ್ಷ "ಆ ಕೇರಿ ಹುಡುಗಿ ನಮ್ಮ ಮನಿಗೆ ಬ್ಯಾಡ" ಎಂದು ಹಟ ಹಿಡಿದಿದ್ದ ಅವನ ಅಪ್ಪ ಅಂಜಿನಪ್ಪ ಯುಗಾದಿಯ ದಿನ ಹೂಂ ಅಂದಿದ್ದ. ಸೋಮವಾರ ಹೆಣ್ಣು ಕೇಳಲು ಬರುವುದೆಂದು ನಿಶ್ಚಯವಾಗಿತ್ತು.

"ಯೂನಿಫಾರಂನಾಗೇ ಅತ್ತಿಮನಿಗೆ ಹೊಂಟೀಯೇನು? ಸೋಮವಾರದ ತನಕ ತಡಿ."

ಅವಳು ನಗಲಿಲ್ಲ. ತುಂಡು ತೆಗೆದು ಮುಂದೆ ಹಿಡಿದಳು. "ಹೆಣ್ಣು ನವಿಲು ಬಿದ್ದೈತಿ. ಇದು ಯಾರದು?"

ಬೇರೆ ದಿನ ಅವಳ ಮುಖದಿಂದ ಕೀಳಲಾರದ ಅವನ ಕಣ್ಣು ಕುರಿಗಳ ಕಡೆ ಹೋಯಿತು. "ನಮ್ಮದಲ್ಲ."

"ನನ್ನ ಮುಖ ನೋಡಿ ಹೇಳು."

"ನಮ್ಮದಲ್ಲ ಅಂದ್ನೆಲ್ಲ."

"ಎರಡು ಸುತ್ತು ಎಡಕ್ಕ ತಿರುಗ್ಯಾವ ಮೈಲಾರೇಶ. ಈ ಗಂಟು ಜಡಿಯಾಗ ಮುಡ್ಕೊಂಡು ಊರೆಲ್ಲ ಅಡ್ಡಾಡೀನಿ ನಾನು. ನನಗೇ ಸುಳ್ಳು ಹೇಳ್ತೀಯಲ್ಲ!"

ಅವನು ಬೇವಿನ ಬುಡದಲ್ಲಿ ಕೂತ. "ನಿನ್ನಾಣಿ, ನಾ ಕಟ್ಟಿಲ್ಲ. ಹೆಣದದ್ದು ನಾನೇ, ಹಳೇದು. ಅಟ್ಟದ ಮ್ಯಾಲಿತ್ತು. ನಿನ್ನೆ ಅಪ್ಪ ಒಯ್ದು ಕಟ್ಟಿ ಬಂದಾನ. ನನಗ ಇವತ್ತು ಮುಂಜಾನಿ ಗೊತ್ತಾತು."

"ಯಾಕ ಕಟ್ಟಿದ್ರು?"

"ನಿನ್ನ ಸಲುವಾಗಿ."

ಅವಳಿಗೆ ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. ಅವರ ಮನೆಯಲ್ಲಿ ಹೆಣ್ಣು ಕೇಳಲು ಹೋಗುವಾಗ ಗಂಡಿನ ಅಪ್ಪ ತನ್ನ ಕೈಯಾರೆ ಹಿಡಿದ ಮೊಲ ಒಯ್ಯಬೇಕು. ದೊಡ್ಡ ಸೊಸೆಯ ಮನೆಗೂ ಒಯ್ದಿದ್ದ. "ಈಗ ಕಾನೂನು ಬ್ಯಾರೆ ಐತಿ, ಬಿಚ್ಕೊಂಡು ಬಾ ಅಂದೆ. 'ಕೇರಿ ಮನಿ ಅಂತ ಬರಿಗೈಲೆ ಹೋದ್ರು ಅಂತ ಮಂದಿ ಆಡ್ಕೋಬಾರದು. ದೊಡ್ಡಾಕಿಗೆ ಮಾಡಿದ್ದು ಇಕಿಗೂ ಮಾಡ್ಲೇಬೇಕು' ಅಂದ."

ಸಿಟ್ಟು ಬರಬೇಕಿದ್ದ ಹೊತ್ತಿನಲ್ಲಿ ಕೋಮಲಾಳಿಗೆ ಅಳು ಬಂತು. ಎರಡು ವರ್ಷ ಅವಳ ಹೆಸರು ಹೇಳಿದರೆ ಮುಖ ತಿರುಗಿಸುತ್ತಿದ್ದ ಮನುಷ್ಯ, ಅರವತ್ತು ದಾಟಿದ ಮೇಲೆ, ಉರಿ ಬಿಸಿಲಲ್ಲಿ ಮುಳ್ಳು ತುಳಿದುಕೊಂಡು ಹೋಗಿದ್ದು ಅವಳಿಗೆ ಕಡಿಮೆಯಾಗಬಾರದೆಂದು.

"'ಯಾರೋ ಅಪರಿಚಿತರು' ಅಂತ ಬರಿ ಕೋಮಲಾ," ಎಂದ ಮೈಲಾರೇಶ್. "ಜೋಗಪ್ಪಗೆ ಗಂಟಿನ ಗುರ್ತಿಲ್ಲ. ಗೊತ್ತಿರೋದು ನಿನಗೊಬ್ಬಾಕಿಗೆ. ಅಪ್ಪನ ಹೆಸರು ಬರದ್ರ ಸೋಮವಾರ ನಮ್ಮನಿಯಿಂದ ಯಾರೂ ಬರಾಂಗಿಲ್ಲ."

"ನೀನು?"

"ಅಪ್ಪನ್ನ ಜೈಲಿಗೆ ಕಳಿಸಿದಾಕಿ ಕೈ ಹೆಂಗ ಹಿಡೀಲಿ, ಹೇಳು."

ಕೋಮಲಾ ಬಲೆಯ ತುಂಡನ್ನು ಮತ್ತೆ ಜೇಬಿಗಿಟ್ಟಳು. ಬೈಕ್ ತಿರುಗಿಸಿದಳು. ಕನ್ನಡಿಯಲ್ಲಿ ಅವನು ತಲೆ ಮೇಲೆ ಕೈಹೊತ್ತು ಕೂತದ್ದು ಬಹಳ ದೂರದವರೆಗೆ ಕಾಣಿಸುತ್ತಿತ್ತು.

ಚೌಕಿಯ ತಗಡಿನ ಛಾವಣಿ ಕಾದು ಟಿಕ್ ಟಿಕ್ ಅನ್ನುತ್ತಿತ್ತು. ಐದು ಗಂಟೆಯೊಳಗೆ ವರದಿ ಹೋಗಬೇಕು. 'ಆರೋಪಿಯ ಹೆಸರು' ಎಂಬ ಸಾಲಿನ ಮೇಲೆ ಕೋಮಲಾ ಪೆನ್ನು ಇಟ್ಟಳು, ಎತ್ತಿದಳು. 'ಅಪರಿಚಿತರು' ಅಂತ ಬರೆಯಲು ಎಷ್ಟು ಹೊತ್ತು? ಬರೆದರೆ ಸೋಮವಾರ ಅವಳದು. ಮೈಲಾರೇಶನೂ ಅವಳವನು.

ಆದರೆ ಗಿಡ್ಡಮ್ಮ ನೆನಪಾದಳು. ಹೋದ ವರ್ಷ ಕಾಡುಪ್ರಾಣಿಗೆ ಉರುಲು ಹಾಕಿದ್ದಕ್ಕೆ ಗಿಡ್ಡಮ್ಮನ ಗಂಡನ ಮೇಲೆ ಕೇಸು ಬರೆದವಳು ಇದೇ ಕೋಮಲಾ. ಆ ಹೆಂಗಸು ಇದೇ ಬಾಗಿಲಲ್ಲಿ ಕಾಲು ಹಿಡಿದು, "ಒಂದು ಸಲ ಕಣ್ಣು ಮುಚ್ಕೊಳ್ರಿ ಮೇಡಂ" ಎಂದು ಗೋಳಾಡಿದ್ದಳು. ಕೋಮಲಾ ಕಣ್ಣು ಮುಚ್ಚಲಿಲ್ಲ. ಅವಳ ಗಂಡನಿಗೊಂದು ಕಾನೂನು, ತನ್ನ ಮಾವನಾಗುವವನಿಗೊಂದು ಕಾನೂನು ಅಂದರೆ, ನಾಳೆ ಈ ಯೂನಿಫಾರಂ ಹಾಕಿಕೊಂಡು ಯಾರ ಮುಂದೆ ನಿಲ್ಲುವುದು?

ಅವಳು ಬರೆದಳು. ಅಂಜಿನಪ್ಪ. ನಾಲ್ಕೇ ಅಕ್ಷರ. ಬರೆದು ಮೈಲಾರೇಶನಿಗೆ ಫೋನ್ ಮಾಡಿದಳು.

"ಬರದೀನಿ. ಬ್ಯಾರೆಯವರ ಬಾಯಿಂದ ನಿನಗ ಗೊತ್ತಾಗಬಾರದು ಅಂತ ಹೇಳಾಕತ್ತೀನಿ."

ಆ ಕಡೆ ಕುರಿಗಳ ಗಂಟೆ ಕೇಳಿಸಿತು. ಫೋನ್ ಕಟ್ಟಾಯಿತು. ಕೋಮಲಾ ಮೇಜಿನ ಮೇಲೆ ತಲೆಯಿಟ್ಟು ಮನಸಾರೆ ಅತ್ತಳು. ಆಮೇಲೆ ಮುಖ ತೊಳೆದುಕೊಂಡಳು, ಕೊಡದ ನೀರೂ ಬಿಸಿಯಾಗಿತ್ತು.

ಮುಕ್ಕಾಲು ಗಂಟೆಯಲ್ಲಿ ಬೈಕಿನ ಸದ್ದು. ಹೆಗಲ ಮೇಲೆ ಕಂಬಳಿ, ತಲೆಗೆ ರುಮಾಲು. ಅಂಜಿನಪ್ಪ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದ. ಮಗ ಹೊರಗೇ ಉಳಿದ. ಕೋಮಲಾ ಎದ್ದು ನಿಂತಳು.

"ಏನು ಬರದಿ, ಓದು."

ಓದಿದಳು. ದನಿ ಎರಡು ಕಡೆ ಒಡೆಯಿತು. ಮುದುಕ ಕೇಳಿಸಿಕೊಂಡು, "ನವಿಲು ಬದುಕೇತೇನು?" ಎಂದ.

"ಕಾಲಿಗೆ ಪಟ್ಟಿ ಕಟ್ಯಾರಂತ್ರಿ. ಬದುಕತೈತಿ ಅಂದ್ರಂತ."

"ಮೈಲಾರ ದೇವ್ರು ಕಾದ. ಇದರಾಗ ಮಗನ ಹೆಸರಿಲ್ಲಲ್ಲ?"

"ಅವ್ರು ಕಟ್ಟಿಲ್ಲಲ್ರಿ."

"ಇವ ಬಂದು 'ಕುರಿ ಹೊಡ್ಕೊಂಡು ನಾಕು ದಿನ ಊರು ಬಿಡು' ಅಂದ. ಈ ವಯಸ್ಸಿನ್ಯಾಗ ಮೊಲದಂಗ ಓಡ್ಲೇನು? ಎಲ್ಲಿ ಒತ್ತಬೇಕು ತೋರ್ಸು." ಹೆಬ್ಬೆರಳು ಒತ್ತಿ, ಮಸಿಯನ್ನು ಕಂಬಳಿಗೆ ಒರೆಸಿಕೊಂಡ. "ಮುಂದೇನು?"

"ನಾಳೆ ಕೂಡ್ಲಿಗಿಗೆ, ಸಾಹೇಬ್ರ ಮುಂದ. ಆಮ್ಯಾಲೆ ಕೋರ್ಟು. ಜಾಮೀನು ಸಿಗಬೌದು, ಸಿಗದನೂ ಇರಬೌದು. ಸುಳ್ಳು ಹೇಳಿ ಸಮಾಧಾನ ಮಾಡಾಕ ಬರಲ್ರಿ ನನಗ."

"ಅದು ಗೊತ್ತಾತು ಬಿಡವ್ವ," ಎಂದ ಅಂಜಿನಪ್ಪ. ಸ್ವಲ್ಪ ಹೊತ್ತು ಕಾಗದವನ್ನೇ ನೋಡಿದ. ಅಕ್ಷರ ಅವನಿಗೆ ಬರುತ್ತಿರಲಿಲ್ಲ. "ಎರಡು ವರ್ಷ ನಿನ್ನ ಬ್ಯಾಡ ಅಂದೆ. ಆ ತಪ್ಪು ಯಾರೂ ಯಾವ ಕಾಗದದಾಗೂ ಬರೀಲಿಲ್ಲ. ಸೋಮವಾರ ನಾ ಒಳಗಿದ್ರ ಇವರವ್ವ ಒಬ್ಬಾಕಿನೇ ಬರ್ತಾಳ, ಬರಿಗೈಲೆ. ನಿಮ್ಮಪ್ಪ ಬಾಗಲಾ ತೆಗಿತಾನೇನು?"

"ತೆಗಿತಾರ್ರಿ," ಎಂದಳು ಕೋಮಲಾ.

ಹೊರಗೆ ಮೈಲಾರೇಶ್ ಬೈಕಿನ ಸೀಟು ಹಿಡಿದು ಗುಡ್ಡದ ಕಡೆ ನೋಡುತ್ತ ನಿಂತಿದ್ದ. ಅವಳು ಹತ್ತಿರ ಬಂದಳು. ಅವನು ತಿರುಗಲಿಲ್ಲ.

"ಅಪ್ಪನ ಮನಸು ದೊಡ್ಡದು," ಎಂದ. "ನನ್ನದು ಅಷ್ಟಿಲ್ಲ. ಹೊಟ್ಯಾಗ ಇನ್ನೂ ಉರಿತೈತಿ."

"ನನಗೂ ಉರಿತೈತಿ. ಮುಖ ತಪ್ಪಿಸಿ ಸುಳ್ಳು ಹೇಳಿದಿ."

"ಹೇಳಿದೆ."

ಅಂಜಿನಪ್ಪ ಒಳಗೆ ಬೇಕೆಂದೇ ಕೆಮ್ಮುತ್ತ ತಡಮಾಡುತ್ತಿದ್ದ.

"ಸೋಮವಾರದೊಳಗ ಈ ಸಿಟ್ಟು ಇಳಿಯಾಂಗಿಲ್ಲ ಕೋಮಲಾ."

"ಇಳೀಲಿಲ್ಲಂದ್ರ ಸಿಟ್ಟು ಇಟ್ಕೊಂಡೇ ಬಾ," ಎಂದಳು. "ನೀ ಬರಲಾರದ ಸೋಮವಾರ ಕಳಿಯೋದು ನನ್ನ ಕೈಲೆ ಆಗಾಂಗಿಲ್ಲ."

ಆಗ ಅವನು ತಿರುಗಿ ನೋಡಿದ. ಕಣ್ಣು ಕೆಂಪಾಗಿತ್ತು. ಬಹಳ ಹೊತ್ತು ನೋಡಿದ, ಕಣ್ಣು ಕೀಳಲಿಲ್ಲ.

"ಎಷ್ಟೊತ್ತಿಗೆ ಬರ್ಲಿ?"

"ಬಿಸಿಲು ಏರೋದ್ರೊಳಗ," ಎಂದಳು ಕೋಮಲಾ.