ಮೂಲೆ ಮನೆಯ ಕರಾರು

ಬುಧವಾರ ಬೆಳಿಗ್ಗೆ, ಸಂಘದ ಕಾಗದಪತ್ರ ನೋಡಿಕೊಳ್ಳುವ ನಳಿನಿ ಅಡುಗೆಮನೆಯ ಕಪಾಟು ತೆರೆದಳು. ಕರಾರುಪತ್ರ ಮಾಯ. ಬೀಗ ಮಾತ್ರ ಗಟ್ಟಿಯಾಗಿತ್ತು.

ವಡೋದರದ ಮಕರಪುರ, 1995. ವರ್ಗವಾಗಿ ಬಂದ ಹನ್ನೆರಡು ಕನ್ನಡ ಕುಟುಂಬಗಳು ಹತ್ತು ವರ್ಷದ ಹಿಂದೆ ಕೂಡಿ ಕಟ್ಟಿಕೊಂಡ ಕಾಲನಿ. ಮನೆ ಹನ್ನೆರಡು, ಅಡುಗೆಮನೆ ಒಂದೇ. ಬಿಟ್ಟುಹೋಗುವವರು ಕೊಂಡ ಬೆಲೆಗೇ ಮನೆಯನ್ನು ಸಂಘಕ್ಕೆ ಒಪ್ಪಿಸಬೇಕು. ಮನೆಗಾಗಿ ಕಾದಿರುವವರ ಪಟ್ಟಿಯಲ್ಲಿ ಮುಂದಿರುವವರಿಗೆ ಅದು ಅದೇ ಬೆಲೆಗೆ ಸಿಗಬೇಕು. ಎಲ್ಲರೂ ಸಹಿ ಹಾಕಿದ ಆ ಪತ್ರಕ್ಕೆ ನಕಲಿರಲಿಲ್ಲ.

ಈಗ ಅಚ್ಯುತನಿಗೆ ದೆಹಲಿಗೆ ವರ್ಗ. ಅವನದು ತೋಟದ ಕಡೆಯ ಮೂಲೆ ಮನೆ. ಸುಳ್ಳೇಕೆ, ಅದರ ಮೇಲೆ ನಳಿನಿಗೂ ಕಣ್ಣಿತ್ತು. ಆದರೆ ಸರದಿ, ರಸ್ತೆ ಬದಿಯ ಮನೆಯ ರಜನಿಯ ತಂಗಿ ಕಮಲಾಳದು. ಗಂಡ ಕೆಲಸಕ್ಕಿದ್ದ ಗಿರಣಿ ಮುಚ್ಚಿ, ಅಹಮದಾಬಾದಿನ ಮಣಿನಗರದಲ್ಲಿ ಒಂದೇ ಕೋಣೆಯಲ್ಲಿ ಎರಡು ಮಕ್ಕಳೊಂದಿಗೆ ಕಾದಿದ್ದಳು. ಪತ್ರ ಹೋದರೆ ಅವಳಿಗೆ ಈ ಜನ್ಮದಲ್ಲಿ ಮನೆಯಿಲ್ಲ.

*

"ನಾನು ಮಾರ್ಕೆಟ್ ರೇಟ್ ಕೇಳಿದ್ದು ನಿಜ ಕಣ್ರೀ. ಕದ್ದಿಲ್ಲ," ಎಂದ ಅಚ್ಯುತ.

ಯಾರು ನಂಬಬೇಕು? ಸೋಮವಾರ ರಾತ್ರಿ ಪತ್ರವನ್ನು ಒಳಗಿಟ್ಟವಳು ನಳಿನಿಯೇ. ಅಡುಗೆಯ ಪಾಳಿ ಯಾರದೋ ಕಪಾಟಿನ ಒಂದೇ ಬೀಗದಕೈ ಅವರ ಸೊಂಟದಲ್ಲಿ. ಮಂಗಳವಾರದ ಪಾಳಿ ಅಚ್ಯುತನ ಹೆಂಡತಿ ವಿಂಧ್ಯಾಳದು. ಅಡುಗೆ ಮಾಡಿಟ್ಟು ಹೋಗುವುದು, ಬಂದವರು ಬಡಿಸಿಕೊಳ್ಳುವುದು ರೂಢಿ. ಹಾಗಾಗಿ ಆ ದಿನ ಅಡುಗೆ ಮಾಡಿದವರನ್ನು ಕಂಡವರಿಲ್ಲ.

"ನನ್ ತಂಗಿ ಹೊಟ್ಟೆ ಮೇಲೆ ಹೊಡೆದ್ರು ಮಾರಾಯ್ತಿ," ಎಂದು ರಜನಿ ಕಣ್ಣೊರೆಸಿಕೊಂಡಳು. "ನಾನು ನಿನ್ನೆ ಈ ಕಡೆಗೇ ಬರ್ಲಿಲ್ಲ."

ನಳಿನಿ ಮಂಗಳವಾರದ ಊಟ ನೆನೆದಳು. ಹುಳಿ ರುಚಿಯಾಗಿತ್ತು. ಬೇಕಾದದ್ದಕ್ಕಿಂತ ಒಂದು ಸೌಟು ಹೆಚ್ಚೇ ಬಡಿಸಿಕೊಂಡಿದ್ದಳು.

*

ಭಾನುವಾರದ ಸಭೆ. ಕಮಲಾಳೂ ಬಂದಿದ್ದಳು.

"ವಿಂಧ್ಯಾ, ಮಂಗಳವಾರ ಎಲ್ಲಿಗೆ ಹೋಗಿದ್ದೆ?" ನಳಿನಿ ನೇರವಾಗಿ ಕೇಳಿದಳು.

ವಿಂಧ್ಯಾ ತಲೆ ತಗ್ಗಿಸಿದಳು. "ಸೂರತ್ತಿಗೆ, ಸೀರೆ ತರೋಕೆ. ಪಾಳಿ ತಪ್ಪಿಸಿದ್ರೆ ಎಲ್ರ ಬಾಯಿಗೂ ಬೀಳ್ಬೇಕಲ್ಲ, ಹೇಳ್ಲಿಲ್ಲ. ರಜನಿ ತಾನೇ ಮಾಡ್ತೀನಿ ಅಂದ್ರು."

"ಗೊತ್ತಿತ್ತು," ಎಂದಳು ನಳಿನಿ. "ಇಲ್ಲಿ ನಾವೆಲ್ಲ ಒಗ್ಗರಣೆ ಹಾಕೋದು ಶೇಂಗಾ ಎಣ್ಣೇಲಿ. ಮಂಗಳವಾರದ ಹುಳೀಲಿ ತೆಂಗಿನೆಣ್ಣೆ ಘಮ ಇತ್ತು. ಊರಿಂದ ತರಿಸಿ ಅದನ್ನ ಬಳಸೋದು ರಜನಿ ಒಬ್ಬಳೇ. ಅಡುಗೆ ಅವಳದ್ದು ಅಂದ್ಮೇಲೆ ಬೀಗದಕೈಯೂ ಅವಳ ಹತ್ರಾನೇ. ಈ ಕಡೆಗೇ ಬಂದಿಲ್ಲ ಅಂತ ಯಾಕೆ ಸುಳ್ಳು ಹೇಳ್ಬೇಕಿತ್ತು?"

ರಜನಿ ಎದ್ದು ಹೋಗಿ, ತನ್ನ ಮನೆಯ ಅಕ್ಕಿ ಡಬ್ಬಿಯಲ್ಲಿಟ್ಟಿದ್ದ ಪತ್ರ ತಂದು ಮೇಜಿನ ಮೇಲಿಟ್ಟಳು.

"ಸುಡ್ಲಿಕ್ಕೆ ಕೈ ಬರ್ಲಿಲ್ಲ. ಹತ್ತು ವರ್ಷದಿಂದ ರಸ್ತೆ ಧೂಳು ತಿಂದದ್ದು ನಾನು. ಇವಳು ನಿನ್ನೆ ಬಂದು, ನಾನು ಕೊಟ್ಟಷ್ಟೇ ಕೊಟ್ಟು ತೋಟದ ಮನೇಲಿ ಕೂತ್ಕೊಳ್ಳುದಾ? ಚಿಕ್ಕಂದಿನಿಂದ್ಲೂ ಒಳ್ಳೇದೆಲ್ಲ ಇವಳಿಗೇ."

ಕಮಲಾ ಅಕ್ಕನ ಬಳಿ ಬಂದಳು.

"ನೀನೇ ಮೂಲೆ ಮನೆಗೆ ಹೋಗಕ್ಕ. ನಂಗೆ ನಿನ್ನ ಮನೆ ಸಾಕು. ಮಕ್ಳಿಗೆ ಸೂರು ಸಿಕ್ಕಿದ್ರಾಯ್ತು."

ಸಭೆ ಒಕ್ಕೊರಲಿನಿಂದ ಒಪ್ಪಿತು. ಕರಾರು ಉಳಿಯಿತು. ದೀಪಾವಳಿಗೆ ಮುಂಚೆ ರಜನಿ ತೋಟದ ಮನೆ ಸೇರಿದಳು, ಕಮಲಾ ರಸ್ತೆಯ ಮನೆಗೆ ಬಂದಳು. ಅಂದಿನಿಂದ ಕಾಲನಿಯವರ ಬಾಯಲ್ಲೆಲ್ಲ ಕಮಲಾಳ ದೊಡ್ಡ ಮನಸ್ಸಿನದೇ ಮಾತು. ರಜನಿಗೆ ಅದನ್ನೂ ಸಹಿಸಲಾಗಲಿಲ್ಲ.